ಮೆಟ್ಟಿಲುಳ್ಳ ಹೋರ್ಡಿಂಗು

ಸುದ್ದಿಯನ್ನು ನೀವೂ ಓದಿರುತ್ತೀರಿ. ನಗರದ ಜನನಿಬಿಡ ರಸ್ತೆಗಳಲ್ಲಿ ‘ವಿಶ್ವದರ್ಜೆಯ’ ಪಾದಚಾರಿ ಮೇಲ್ಸೇತುವೆಗಳು ತಲೆಯೆತ್ತಲಿವೆ ಎನ್ನುವ ಈ ಸುದ್ದಿ ಮಾವಿನಕಾಯಿಯಂತೆ ವರ್ಷಕ್ಕೊಮ್ಮೆ ತಪ್ಪದೆ ಬರುವುದರಿಂದ, ಇದು ಯಾವ ವರ್ಷದ್ದೆಂದು ಹೇಳುವ ಅಗತ್ಯವಿಲ್ಲ. ಜೊತೆಗೆ ಕಂಪ್ಯೂಟರಿನಲ್ಲಿ ಬರೆದ ಚಿತ್ರವೊಂದು ಇದ್ದೇ ಇರುತ್ತದೆ. ಅದರಲ್ಲಿ ಆಕಾಶ ತಿಳಿನೀಲಿ, ರಸ್ತೆಯಲ್ಲಿ ಒಟ್ಟು ಮೂರು ಕಾರು, ಸೇತುವೆಯ ಮೇಲೆ ಕೋಟು ತೊಟ್ಟ ಗಂಡಸೊಬ್ಬ, ಬಲೂನು ಹಿಡಿದ ಮಗು ಮತ್ತು, ಅದೇಕೋ ತಿಳಿಯದು, ಯಾವಾಗಲೂ ಒಂದು ನಾಯಿ. ಕೊರಳಿಗೆ ಪಟ್ಟಿ ಕಟ್ಟಿರುವ, ಯಾರನ್ನೂ ಅಟ್ಟಿಸಿಕೊಂಡು ಹೋಗದ ನಾಯಿ. ಈ ಚಿತ್ರಗಳನ್ನು ಇಪ್ಪತ್ತು ವರ್ಷಗಳಿಂದ ಶ್ರದ್ಧೆಯಿಂದ ನೋಡುತ್ತ ಬಂದಿರುವ ನನಗೆ ಈಗ ಉಳಿದಿರುವ ಆಸೆ ಒಂದೇ. ಸೇತುವೆ ಕಟ್ಟದಿದ್ದರೂ ಚಿಂತೆಯಿಲ್ಲ, ಆ ಚಿತ್ರದೊಳಗಿನ ಊರಿಗೆ ಹೋಗಿ ನೆಲೆಸಲು ಅರ್ಜಿ ಎಲ್ಲಿ ಕೊಡಬೇಕೆಂದು ತಿಳಿಸಿದರೆ ಸಾಕು.

ನಮ್ಮ ಬಡಾವಣೆಯ ಮುಂದಿನ ಮುಖ್ಯರಸ್ತೆಗೂ ಅಂಥದೊಂದು ಸೇತುವೆ ಇದೆ. ಯಾವ ಊರು, ಯಾವ ಪಾಲಿಕೆ, ಯಾವ ಗುತ್ತಿಗೆದಾರರು ಎಂದು ಹೇಳಲಾರೆ. ಹೇಳಿದರೆ ಉಳಿದ ಊರುಗಳವರು ತಮ್ಮದನ್ನೇಕೆ ಬಿಟ್ಟಿರೆಂದು ಮುನಿಸಿಕೊಂಡಾರು. ಅದರ ಎರಡು ತುದಿಗಳಲ್ಲಿ ಲಿಫ್ಟಿನ ಗೋಪುರಗಳಿವೆ. ಉದ್ಘಾಟನೆಯ ದಿನ ಅವು ಓಡಿದ್ದವು ಎನ್ನಲು ಸಾಕ್ಷಿಗಳಿದ್ದಾರೆ. ಈಗ ಬಾಗಿಲಿನ ಹಿಡಿಗೆ ಸರಪಳಿ ಸುತ್ತಿ ಬೀಗ ಜಡಿಯಲಾಗಿದ್ದು, ಬೀಗದ ಮೇಲೆ ತುಕ್ಕು, ತುಕ್ಕಿನ ಮೇಲೆ ಆಯುಧಪೂಜೆಯ ದಿನ ಯಾರೋ ಪುಣ್ಯಾತ್ಮರು ಹಚ್ಚಿದ ಅರಿಶಿನ ಕುಂಕುಮ ಇವೆ. ಬಾಗಿಲ ಮುಂದಿನ ನೆರಳಿನಲ್ಲಿ ಹೂವಿನಮ್ಮ ತನ್ನ ಬುಟ್ಟಿಗೆ ಒದ್ದೆ ಗೋಣಿ ಹೊದಿಸಿ ಕುಳಿತಿರುತ್ತಾಳೆ. ಲಿಫ್ಟು ಸರಿಹೋಗಬೇಕೆಂದು ನಾನು ಅವಳೆದುರಿಗೆ ಒಮ್ಮೆ ಲೋಕಾಭಿರಾಮವಾಗಿ ಆಡಿದ್ದಕ್ಕೆ, “ಅದು ಓಡಾಡಕ್ಕೆ ಶುರು ಆದ್ರೆ ನನ್ ಬುಟ್ಟಿ ಎಲ್ಲಿ ಮಡಗ್ಲಿ ಸಾಮಿ?” ಎಂದು ಆತಂಕದಿಂದ ಕೇಳಿದಳು. ಆ ಸೇತುವೆಯಿಂದ ಉಪಕಾರ ಪಡೆದ, ನನಗೆ ಗೊತ್ತಿರುವ ಏಕೈಕ ಪಾದಚಾರಿ ಅವಳು.

ಮೇಲೆ ಹತ್ತಿದರೆ ಇನ್ನೊಂದು ಲೋಕ. ನಡೆಯುವ ದಾರಿಯ ಎರಡೂ ಬದಿಗೆ ಮೊಣಕಾಲಿನಿಂದ ತಲೆಯ ಮೇಲಿನವರೆಗೆ ಜಾಹೀರಾತಿನ ಫಲಕಗಳನ್ನು ಕಟ್ಟಿರುವುದರಿಂದ, ಒಳಗಿರುವವರು ಹೊರಗಿನವರಿಗೆ ಕಾಣುವುದಿಲ್ಲ. ರಾತ್ರಿ ಆ ಫಲಕಗಳ ಮೇಲೆ ಸಾಲು ದೀಪ ಉರಿಯುತ್ತದೆ, ಆದರೆ ಎಲ್ಲ ದೀಪಗಳ ಮುಖವೂ ರಸ್ತೆಯ ಕಡೆಗಿವೆ. ನಡೆಯುವವರ ಪಾಲಿಗೆ ಬರುವುದು ಫ್ಲೆಕ್ಸಿನ ಬೆನ್ನು, ಅದನ್ನು ಬಿಗಿದ ಕಬ್ಬಿಣದ ತಂತಿಯ ಚೂಪು ತುದಿಗಳು ಮತ್ತು ಮಿಣುಕುತ್ತಿರುವ ಒಂದು ಟ್ಯೂಬ್‌ಲೈಟು. ಸಂಜೆ ಏಳರ ನಂತರ ನಮ್ಮ ಕಡೆಯ ಹೆಣ್ಣುಮಕ್ಕಳು ಅಲ್ಲಿಗೆ ಹತ್ತುವುದಿಲ್ಲ. ರಸ್ತೆಗೆ ಇಳಿದರೆ ಬಸ್ಸಿನ ಭಯ, ಮೇಲೆ ಹತ್ತಿದರೆ ಮನುಷ್ಯರ ಭಯ. ಎರಡನ್ನೂ ತೂಗಿ ನೋಡಿ ಅವರು ಬಸ್ಸನ್ನು ಆರಿಸಿಕೊಂಡಿದ್ದಾರೆ.

ಲಿಫ್ಟಿನ ವಿಷಯವಾಗಿ ಒಮ್ಮೆ ಸಂಬಂಧಪಟ್ಟವರಿಗೆ ಫೋನು ಮಾಡಿದ್ದೆ. “ಸಾರ್, ಅದು ಪಿಪಿಪಿ” ಎಂದರು ಎಂಜಿನಿಯರರು, ವೈದ್ಯರು “ಇದು ವೈರಲ್” ಎನ್ನುವ ಧಾಟಿಯಲ್ಲಿ. ರೋಗಕ್ಕೆ ಹೆಸರಿಟ್ಟಾದ ಮೇಲೆ ಔಷಧದ ಮಾತು ಬರುವುದಿಲ್ಲವಷ್ಟೆ. ಸೇತುವೆಯನ್ನು ನೋಡಿಕೊಳ್ಳುವ ಜಾಹೀರಾತು ಏಜೆನ್ಸಿಯವರು ಇನ್ನೂ ಪ್ರಾಮಾಣಿಕರು. ಜಾಹೀರಾತು ಬಂದರೆ ಲಿಫ್ಟೂ ಬರುತ್ತದೆ ಎಂದು ಭರವಸೆ ಕೊಟ್ಟರು.

ಈ ಪಿಪಿಪಿ ಎಂಬ ಮೂರಕ್ಷರದ ಮಂತ್ರಕ್ಕೆ ನಮ್ಮಲ್ಲಿ ಹೆಚ್ಚು ಒಲಿದ ಊರು ಬೆಂಗಳೂರು. ಸಾರ್ವಜನಿಕ, ಖಾಸಗಿ ಸಹಭಾಗಿತ್ವ ಎನ್ನುವುದು ಅದರ ಪೂರ್ಣಪಾಠ. ಖಾಸಗಿಯವರು ತಮ್ಮ ಖರ್ಚಿನಲ್ಲಿ ಸೇತುವೆ ಕಟ್ಟಬೇಕು, ವರ್ಷಗಟ್ಟಲೆ ನೋಡಿಕೊಳ್ಳಬೇಕು, ಪ್ರತಿಯಾಗಿ ಅದರ ಮೈಮೇಲೆ ಜಾಹೀರಾತು ಹಾಕಿ ಹಣ ಹುಟ್ಟಿಸಿಕೊಳ್ಳಬೇಕು. ಪಾಲಿಕೆಗೆ ಖರ್ಚಿಲ್ಲ, ಮೇಲೆ ಒಂದಿಷ್ಟು ನೆಲಬಾಡಿಗೆ ಬೇರೆ. ಕೇಳಲು ಇದರಷ್ಟು ಸೊಗಸಾದ ಏರ್ಪಾಡು ಇನ್ನೊಂದಿಲ್ಲ. ಒಂದೇ ತೊಡಕೆಂದರೆ, ಹಣ ಕೊಡುವವನು ಫಲಕವನ್ನು ನೋಡುವವನೇ ಹೊರತು ಮೆಟ್ಟಿಲು ಹತ್ತುವವನಲ್ಲ. ಆದ್ದರಿಂದ ಸೇತುವೆ ಎಲ್ಲಿ ಬೇಕೆಂಬ ಪ್ರಶ್ನೆಗೆ ಉತ್ತರವನ್ನು ಶಾಲೆಯ ಗೇಟಿನಲ್ಲಾಗಲಿ ಆಸ್ಪತ್ರೆಯ ಎದುರಿನಲ್ಲಾಗಲಿ ಹುಡುಕಬೇಕಾಗಿಲ್ಲ. ಕಾರುಗಳು ಎಲ್ಲಿ ಸಾಲುಗಟ್ಟಿ ನಿಂತು, ಒಳಗಿರುವವರು ಬೇಸತ್ತು ತಲೆಯೆತ್ತಿ ನೋಡುತ್ತಾರೋ ಅಲ್ಲಿ ಪಾದಚಾರಿಗಳಿಗೆ ಸೇತುವೆಯ ಅಗತ್ಯ ತುರ್ತಾಗಿ ಹುಟ್ಟಿಕೊಳ್ಳುತ್ತದೆ. ಹೋರ್ಡಿಂಗಿಗೆ ಮೆಟ್ಟಿಲು ಇಟ್ಟರೆ ಅದು ಮೂಲಸೌಕರ್ಯ. ಇಡದಿದ್ದರೆ ಅನಧಿಕೃತ ಫಲಕ.

2018ರ ಆಗಸ್ಟಿನಲ್ಲಿ ಹೈಕೋರ್ಟು ಬೆಂಗಳೂರಿನ ಫ್ಲೆಕ್ಸುಗಳ ಮೇಲೆ ಕೆಂಡ ಕಾರಿ, ಪಾಲಿಕೆಯ ಕೌನ್ಸಿಲ್ಲು ಜಾಹೀರಾತು ಫಲಕಗಳನ್ನೇ ನಿಷೇಧಿಸುವ ನಿರ್ಣಯ ಮಾಡಿದ್ದು ನಿಮಗೆ ನೆನಪಿರಬಹುದು. ಊರಿನ ಮುಖ ತೊಳೆದಂತೆ ಕಂಡ ಆ ದಿನಗಳಲ್ಲಿ ನನಗೆ ಹೊಳೆದ ಸಂಶಯ ಇಷ್ಟೇ: ಫಲಕವಿಲ್ಲದ ಮೇಲೆ ಲಿಫ್ಟಿನ ಕರೆಂಟು ಬಿಲ್ಲನ್ನು ಕಟ್ಟುವವರು ಯಾರು? ಅಜ್ಜಿಯೊಬ್ಬಳು ರಸ್ತೆ ದಾಟುವುದು ಬನಿಯನ್ ಮಾರಾಟದ ಮೇಲೆ ನಿಂತಿರುವಂಥ ಅರ್ಥವ್ಯವಸ್ಥೆಯನ್ನು ಕೌಟಿಲ್ಯನೂ ಊಹಿಸಿರಲಾರ.

ಇನ್ನು ಮೆಟ್ಟಿಲಿನ ಲೆಕ್ಕ. ಅಡಿಯಲ್ಲಿ ಲಾರಿ ಹೋಗಬೇಕಾದ್ದರಿಂದ ಸೇತುವೆಯ ಕೆಳಗೆ ಐದೂವರೆ ಮೀಟರು ಬಿಡಬೇಕು, ತೊಲೆಯ ದಪ್ಪ ಸೇರಿದರೆ ಆರು ಮೀಟರು. ಮೆಟ್ಟಿಲಿಗೆ 15 ಸೆಂಟಿಮೀಟರಿನಂತೆ ಹತ್ತಲು 40, ಇಳಿಯಲು 40. ಎದುರಿನ ಶಾಲೆಗೆ ಮೊಮ್ಮಗಳನ್ನು ಬಿಟ್ಟು ಬರುವ ಅಜ್ಜನಿಗೆ ದಿನಕ್ಕೆ 160, ಆರು ದಿನಕ್ಕೆ 960. ಚಾಮುಂಡಿ ಬೆಟ್ಟಕ್ಕಿರುವುದು ಸಾವಿರ ಚಿಲ್ಲರೆ ಮೆಟ್ಟಿಲು. ಅಲ್ಲಿ ನಡುದಾರಿಯಲ್ಲಿ ನಂದಿ, ತುದಿಯಲ್ಲಿ ದೇವಿಯ ದರ್ಶನ. ಇಲ್ಲಿ ಎರಡೂ ಕಡೆ ಫ್ಲೆಕ್ಸಿನ ಬೆನ್ನು. ಕೆಳಗಿನ ರಸ್ತೆಯಾದರೋ ಹದಿನೈದು ಮೀಟರು ಅಗಲ, ವಾಹನಗಳು ನಿಂತರೆ ಹನ್ನೆರಡು ಹದಿಮೂರು ಸೆಕೆಂಡಿನ ನಡಿಗೆ. ಮೇಲಿನ ದಾರಿ ಕೆಳಗಿನದಕ್ಕಿಂತ ಒಂದೂವರೆ ಪಟ್ಟು ಹೊತ್ತು ಹಿಡಿದರೆ ಅದನ್ನು ಹೆಚ್ಚುಕಡಿಮೆ ಯಾರೂ ಬಳಸುವುದಿಲ್ಲವೆಂದು ಬ್ರಿಟನ್ನಿನವರು 1965ರಲ್ಲಿಯೇ ಲೆಕ್ಕ ಹಾಕಿ ಹೇಳಿದ್ದರು. ರಸ್ತೆಗಳ ಮಾನದಂಡ ಗೊತ್ತುಮಾಡುವ ನಮ್ಮ ಭಾರತೀಯ ರಸ್ತೆ ಕಾಂಗ್ರೆಸ್ಸು 2012ರ ತನ್ನ ಪಾದಚಾರಿ ಮಾರ್ಗಸೂಚಿಯಲ್ಲಿ ನೆಲಮಟ್ಟದಲ್ಲಿ ದಾಟಲು ಅನುವು ಮಾಡುವುದಕ್ಕೇ ಮೊದಲ ಮನ್ನಣೆ ಕೊಟ್ಟಿದೆ, ಫುಟ್‌ಪಾತು ಕನಿಷ್ಠ 1.8 ಮೀಟರು ಅಗಲವಿರಬೇಕೆಂದೂ ಬರೆದಿದೆ. ಆ ಪುಸ್ತಕ ಎಲ್ಲ ಪಾಲಿಕೆಗಳ ಕಪಾಟಿನಲ್ಲಿಯೂ ಇರಬಹುದು. ಮೊದಲಿಗೆ ಕಪಾಟಿನವರೆಗೆ ನಡೆದು ಹೋಗಲು ದಾರಿ ಬೇಕಷ್ಟೆ.

ಎಲ್ಲದಕ್ಕೂ ನಮ್ಮವರನ್ನೇ ಬೈಯುವುದು ನ್ಯಾಯವಲ್ಲ. ಪಾದಚಾರಿ ಸೇತುವೆಯ ವಿಷಯದಲ್ಲಿ ಲಂಡನ್ನಿನವರು ಮುಟ್ಟಿದ ಎತ್ತರವನ್ನು ನಾವಿನ್ನೂ ಮುಟ್ಟಿಲ್ಲ. ಥೇಮ್ಸ್ ನದಿಯ ಮೇಲೆ ಗಿಡಮರಗಳಿರುವ ಸೇತುವೆಯೊಂದು ಬೇಕೆಂಬುದು ನಟಿ ಜೊವಾನಾ ಲಮ್ಲಿಯವರ ಬಹುಕಾಲದ ಕನಸಾಗಿತ್ತು. ಆಗಿನ ಮೇಯರ್ ಬೋರಿಸ್ ಜಾನ್ಸನ್ ಅವರಿಗೂ ಆ ಕನಸು ಬಿತ್ತು. 366 ಮೀಟರು ಉದ್ದ, 270 ಮರ. ಕೂಗಳತೆಯಲ್ಲಿ ವಾಟರ್‌ಲೂ ಸೇತುವೆ ಇದೆಯಲ್ಲ ಎಂದವರಿಗೆ ಅದರ ಮೇಲೆ ಮರಗಳಿಲ್ಲವಲ್ಲ ಎಂಬ ಉತ್ತರ ಸಿದ್ಧವಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ನಮ್ಮ ಗಾದೆಗೆ ಇಂಗ್ಲೆಂಡಿನಲ್ಲಿ ಕಾಮಗಾರಿಯ ರೂಪ ಬಂದದ್ದು ಹೀಗೆ. ಆ ಹೂವಿಗೆ ದಡದಲ್ಲಿ ಆಗಲೇ ನಿಂತಿದ್ದ ಸುಮಾರು ಮೂವತ್ತು ಮರಗಳನ್ನು ಕಡಿಯಬೇಕಾಗಿತ್ತೆಂಬುದು ಮಾತ್ರ ಸಣ್ಣ ವಿವರ.

ವಿನ್ಯಾಸಕಾರರ ಆಯ್ಕೆಯಂತೂ ಟೆಂಡರು ಬರೆಯುವ ನಮ್ಮ ಗುಮಾಸ್ತರು ತರಬೇತಿಗೆ ಹೋಗಿ ಕಲಿಯುವಷ್ಟು ಚೆನ್ನಾಗಿ ನಡೆಯಿತು. 2013ರಲ್ಲಿ ಲಂಡನ್ನಿನ ಸಾರಿಗೆ ಸಂಸ್ಥೆ ಮೂರು ಸಂಸ್ಥೆಗಳನ್ನು ಕರೆಯಿತು. ಒಬ್ಬರು ಗೇಟ್ಸ್‌ಹೆಡ್ಡಿನ ಪ್ರಸಿದ್ಧ ವಾಲುವ ಸೇತುವೆ ಕಟ್ಟಿದವರು, ಇನ್ನೊಬ್ಬರು ಲಂಡನ್ ಐ ಎಂಬ ಬೃಹತ್ ಚಕ್ರವನ್ನು ನಿಲ್ಲಿಸಿದವರು, ಮೂರನೆಯವರು ಥಾಮಸ್ ಹೆದರ್‌ವಿಕ್. ಇವರು 2004ರಲ್ಲಿ ಪ್ಯಾಡಿಂಗ್ಟನ್ನಿನ ಕಾಲುವೆಯ ಮೇಲೆ ಹನ್ನೆರಡು ಮೀಟರಿನ, ಬೇಕಾದಾಗ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸೇತುವೆಯೊಂದನ್ನು ಮಾಡಿದ್ದರು. ನೋಡಲು ಮುದ್ದಾಗಿದೆ, ಅಲ್ಲವೆನ್ನುವುದಿಲ್ಲ. ಆದರೆ ‘ಸಂಬಂಧಿತ ವಿನ್ಯಾಸದ ಅನುಭವ’ ಎಂಬ ಕಾಲಮ್ಮಿನಲ್ಲಿ ಹೆಚ್ಚು ಅಂಕ ಬಂದದ್ದು ಈ ಚಕ್ಕುಲಿಗೆ. ಟೆಂಡರು ಕರೆಯುವುದಕ್ಕಿಂತ ಮೊದಲೇ ಮೇಯರರು ಪ್ರಾಯೋಜಕರನ್ನು ಹುಡುಕಿಕೊಂಡು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಬಂದಿದ್ದರು. ನಮ್ಮಲ್ಲಿ ಇಂಥದಕ್ಕೆ ಅಧ್ಯಯನ ಪ್ರವಾಸ ಎನ್ನುತ್ತಾರೆ.

ಮೊದಲು ಎಲ್ಲವೂ ದಾನಿಗಳ ಹಣವೆಂದರು, ಆಮೇಲೆ ಸರ್ಕಾರದ ಕಡೆಯಿಂದ ಆರು ಕೋಟಿ ಪೌಂಡಿನ ಮಾತಾಯಿತು, ಕೊನೆಗೆ ಒಟ್ಟು ಅಂದಾಜು ಇಪ್ಪತ್ತು ಕೋಟಿ ಪೌಂಡನ್ನು ದಾಟಿತು. ಸೇತುವೆಯ ಮೇಲೆ ಸೈಕಲ್ಲು ನಿಷಿದ್ಧ. ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಬಾಗಿಲು ಬಂದ್. ವರ್ಷಕ್ಕೆ ಹನ್ನೆರಡು ದಿನ ಚಂದಾ ಎತ್ತುವ ಸಮಾರಂಭಗಳಿಗಾಗಿ ಜನರಿಗೆ ಪ್ರವೇಶವಿಲ್ಲ. ದಾಟುವುದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಆ ಸೇತುವೆಯಲ್ಲಿ ಅವಕಾಶವಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದನ್ನು ನಾವೂ ಬಲ್ಲೆವು. ಆದರೆ ದಕ್ಷಿಣ ದಡದಲ್ಲಿ ಸೇತುವೆ ಇಳಿಯಬೇಕಾದ ಜಾಗವೇ ಕೈಗೆ ಬಂದಿರದಾಗ ಕಾಮಗಾರಿಯ ಗುತ್ತಿಗೆಗೆ ಸಹಿ ಹಾಕಿದ ಅವರ ಧೈರ್ಯ ನಮಗೆಲ್ಲಿ? 2017ರ ಏಪ್ರಿಲ್ಲಿನಲ್ಲಿ ಸಂಸದೆ ಮಾರ್ಗರೆಟ್ ಹಾಜ್ ಅವರ ತನಿಖಾ ವರದಿ ಇದನ್ನೆಲ್ಲ ಬಿಚ್ಚಿಟ್ಟಿತು, ಹೊಸ ಮೇಯರ್ ಸಾದಿಕ್ ಖಾನ್ ಅದೇ ತಿಂಗಳು ಕೈ ಹಿಂತೆಗೆದರು, ಆಗಸ್ಟಿನಲ್ಲಿ ಯೋಜನೆ ಮುಚ್ಚಿತು. 2019ರಲ್ಲಿ ಅಂತಿಮ ಲೆಕ್ಕ ಬಂದಾಗ ಖರ್ಚು 5.3 ಕೋಟಿ ಪೌಂಡಿಗೂ ಮೇಲೆ, ಅದರಲ್ಲಿ 4.3 ಕೋಟಿ ಸಾರ್ವಜನಿಕ ಹಣ. ವೆಬ್‌ಸೈಟಿಗೆ 1,61,000 ಪೌಂಡು, ಔತಣ ಸಮಾರಂಭವೊಂದಕ್ಕೆ 4,17,000 ಪೌಂಡು. ಸೇತುವೆ ಎಷ್ಟು ಬಂತೆಂದರೆ, ಒಂದು ಇಟ್ಟಿಗೆಯೂ ಇಲ್ಲ. ಅದೇ ವರ್ಷ ಬೋರಿಸ್ ಜಾನ್ಸನ್ ಅವರು ದೇಶದ ಪ್ರಧಾನಿಯಾದರು.

ಆ ಸೇತುವೆಯ ಖರ್ಚನ್ನು ರೂಪಾಯಿಗೆ ತಿರುಗಿಸಿದರೆ ಆಗಿನ ದರದಲ್ಲಿ ಹತ್ತಿರ ಹತ್ತಿರ ಐನೂರು ಕೋಟಿ. ಇಷ್ಟಾದರೂ ನಾನು ಆ ಸೇತುವೆಯನ್ನು ಮೆಚ್ಚುತ್ತೇನೆ. ಅದರ ಲಿಫ್ಟು ಕೆಡಲಿಲ್ಲ, ಅದರ ಮೇಲೆ ಯಾರೂ ಉಚ್ಚೆ ಹೊಯ್ಯಲಿಲ್ಲ. ಅದಕ್ಕಿಂತ ಹಿಂದೆ, 2000ದ ಜೂನಿನಲ್ಲಿ ಅದೇ ನದಿಗೆ ನಿಜವಾಗಿಯೂ ಕಟ್ಟಿ ತೆರೆದ ಮಿಲೇನಿಯಂ ಸೇತುವೆ ಎರಡೇ ದಿನಕ್ಕೆ ಮುಚ್ಚಿತ್ತು, ಏಕೆಂದರೆ ಜನ ನಡೆದಾಗ ಅದು ತೂಗಾಡುತ್ತಿತ್ತು. ಪಾದಚಾರಿ ಸೇತುವೆಯೊಂದನ್ನು ವಿನ್ಯಾಸ ಮಾಡುವಾಗ ಗಾಳಿ, ನೀರು, ಭಾರ ಎಲ್ಲವನ್ನೂ ಎಣಿಸಿ, ಪಾದಚಾರಿಗಳು ಹೆಜ್ಜೆ ಹಾಕಿ ನಡೆಯುತ್ತಾರೆಂಬುದು ಒಂದು ತೊಡಕಾಗಿ ಎದುರಾದ ಈ ಪ್ರಸಂಗವನ್ನು ನಾನು ಆಗಾಗ ನೆನೆದು ಸಂತೋಷಪಡುತ್ತೇನೆ.

ಲಿಫ್ಟು ಎಂದಾಗ ವೆನಿಸ್ಸನ್ನು ಬಿಡಲಾಗದು. ಅಲ್ಲಿನ ನಗರಾಡಳಿತ ಹೆಸರಾಂತ ವಾಸ್ತುಶಿಲ್ಪಿ ಕಲಾತ್ರಾವಾ ಅವರಿಂದ ದೊಡ್ಡ ಕಾಲುವೆಗೆ ಗಾಜಿನ ಮೆಟ್ಟಿಲುಗಳ ಸೇತುವೆಯೊಂದನ್ನು ಮಾಡಿಸಿ 2008ರಲ್ಲಿ ತೆರೆಯಿತು. ಒದ್ದೆಯಾದರೆ ಗಾಜು ಜಾರುತ್ತದೆ. ಊರೇ ನೀರಿನ ಮೇಲಿದೆ. ಗಾಲಿಕುರ್ಚಿಯವರಿಗೆ ದಾರಿಯೇ ಇರಲಿಲ್ಲವೆಂದು ಬೊಬ್ಬೆ ಎದ್ದ ಮೇಲೆ, ಹತ್ತು ಲಕ್ಷಕ್ಕೂ ಹೆಚ್ಚು ಯೂರೊ ಸುರಿದು ಸೇತುವೆಯ ಬದಿಗೆ ಮೊಟ್ಟೆಯಾಕಾರದ ಕೆಂಪು ಡಬ್ಬಿಯೊಂದನ್ನು ಜೋತು ಬಿಟ್ಟರು. ಅದು ಬೇಸಿಗೆಯಲ್ಲಿ ಒಳಗೆ ಬೇಯಿಸುತ್ತ, ಉಳಿದಂತೆ ಕೆಟ್ಟು ನಿಲ್ಲುತ್ತ ಕೊನೆಗೆ 2020ರಲ್ಲಿ ಕಳಚಿಹೋಯಿತು. ನಮ್ಮ ಲಿಫ್ಟು ಅದಕ್ಕಿಂತ ಮೇಲು. ಅದರೊಳಗೆ ಯಾರೂ ಬೇಯುವುದಿಲ್ಲ, ಒಳಗೆ ಹೋಗಲು ಸಾಧ್ಯವಿದ್ದರಲ್ಲವೆ. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು. ವೆನಿಸ್ಸಿನ ಸೇತುವೆಯ ಖರ್ಚು ಏರಿದ್ದಕ್ಕೂ ದೋಷಕ್ಕೂ 2019ರಲ್ಲಿ ಅಲ್ಲಿನ ಲೆಕ್ಕ ನ್ಯಾಯಾಲಯ ವಿನ್ಯಾಸಕಾರರಿಗೆ 78,000 ಯೂರೊ ದಂಡ ಹಾಕಿತು. ನಮ್ಮಲ್ಲಿ ಬೀಗ ಹಾಕಿದ ಲಿಫ್ಟಿಗಾಗಿ ದಂಡ ತೆತ್ತವರು ಮೊಣಕಾಲು ನೋವಿನವರು ಮಾತ್ರ.

ಐನೂರು ಕೋಟಿ ಎಂಬ ಅಂಕಿ ನಿಮಗೂ ಎಲ್ಲೋ ಕೇಳಿದಂತಿದೆಯೆ? 2024ರ ಆಗಸ್ಟಿನಲ್ಲಿ ನಮ್ಮ ಸಚಿವ ಸಂಪುಟ ಬೆಂಗಳೂರಿನ ಹೆಮ್ಮಿಗೆಪುರದಲ್ಲಿ 250 ಮೀಟರು ಎತ್ತರದ ಸ್ಕೈಡೆಕ್ ಎಂಬ ವೀಕ್ಷಣಾ ಗೋಪುರಕ್ಕೆ ಒಪ್ಪಿಗೆ ಕೊಟ್ಟಾಗ ಹೇಳಿದ ಮೊತ್ತವೂ ಅದೇ. ಅದರ ತುದಿಯಲ್ಲಿ ನಿಂತರೆ ಇಡೀ ಊರು ಕಾಣುತ್ತದಂತೆ. ಕೆಳಗೆ ಫುಟ್‌ಪಾತು ಎಲ್ಲಿ ಮುಗಿದು ಟ್ರಾನ್ಸ್‌ಫಾರ್ಮರು ಎಲ್ಲಿ ಶುರುವಾಗುತ್ತದೆಂದು ಅಷ್ಟೆತ್ತರದಿಂದ ತಿಳಿಯದಿರುವುದೇ ಆ ನೋಟದ ಸೌಂದರ್ಯ. ಇತ್ತ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಕಾರುಗಳಿಗಾಗಿ ಸುರಂಗ ಕೊರೆಯುವ ಯೋಜನೆಯೂ ಇದೆ. ಕಾರು ಪಾತಾಳಕ್ಕೆ, ಮನುಷ್ಯ ಆಕಾಶಕ್ಕೆ. ನಡುವಿನ ಭೂಲೋಕದಲ್ಲಿ ಯಾರಿರುತ್ತಾರೆಂದು ಕೇಳಬೇಡಿ. ಸುರಂಗದಲ್ಲಿ ಹಿಡಿಸದ ಕಾರುಗಳಿರುತ್ತವೆ. ಮೇಲಾಗಿ ಕೇಳುವುದು ಯಾರನ್ನು? 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲ್ಲಿನ ಅವಧಿ ಮುಗಿದ ಮೇಲೆ ಚುನಾಯಿತ ಸದಸ್ಯನೊಬ್ಬನೂ ಇಲ್ಲದೆ ಐದು ವರ್ಷ ನಡೆದ ಬೆಂಗಳೂರಿನ ಪಾಲಿಕೆ, 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ರಸ್ತೆಯ ಒಂದು ಬದಿ ಒಬ್ಬರಿಗೆ, ಇನ್ನೊಂದು ಬದಿ ಮತ್ತೊಬ್ಬರಿಗೆ ಸೇರುವ ಗಡಿಗಳಲ್ಲಿ ಸೇತುವೆಯನ್ನು ಹತ್ತುವವರು ಯಾರ ಮತದಾರರು, ಇಳಿಯುವವರು ಯಾರ ಮತದಾರರು ಎಂಬ ಕಡತವೊಂದು ಸದ್ಯದಲ್ಲೇ ತೆರೆದೀತು.

ನಗುವುದಕ್ಕೂ ಒಂದು ಮಿತಿ ಇದೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,000ಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ ಎಂಬತ್ತಕ್ಕಿಂತ ಹೆಚ್ಚು. ಅವರು ಯಾರ ಮೇಲೂ ಹರಿದವರಲ್ಲ, ಯಾವ ಸಿಗ್ನಲ್ಲನ್ನೂ ಎಂಬತ್ತರ ವೇಗದಲ್ಲಿ ಹಾರಿಸಿದವರಲ್ಲ, ಹಾಲು ತರಲು ಹೊರಟವರು, ಬಸ್ಸಿಳಿದು ಮನೆಗೆ ಹೋಗುತ್ತಿದ್ದವರು. ಅವರಿಗೆ ಬೇಕಾಗಿದ್ದದ್ದು ಬಿಳಿ ಬಣ್ಣದ ನಾಲ್ಕು ಪಟ್ಟೆ, ಒಂದು ಉಬ್ಬು, ಹದಿನೈದು ಸೆಕೆಂಡು ವಾಹನಗಳನ್ನು ತಡೆದು ನಿಲ್ಲಿಸುವ ಒಂದು ದೀಪ. ಇದರಲ್ಲಿ ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ನಿಲ್ಲ, ಕಮಿಷನ್ನಿಗೆ ಅಂಚಿಲ್ಲ, ಜಾಹೀರಾತಿಗೆ ಮೈಯಿಲ್ಲ. ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ನಡೆಯಲು ಜಾಗ ಕೊಡಿ ಎನ್ನುವುದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾಯಿತು. ನನಗೆ ಸಾಕಾಗಿದೆ.

ನಮ್ಮ ಸೇತುವೆಯಿಂದ ಮೂವತ್ತು ಹೆಜ್ಜೆ ಆಚೆಗೆ, ರಸ್ತೆಯ ನಡುವಿನ ಕಬ್ಬಿಣದ ಗ್ರಿಲ್ಲಿನಲ್ಲಿ ಎರಡು ಸರಳುಗಳನ್ನು ಯಾರೋ ಬಗ್ಗಿಸಿದ್ದಾರೆ. ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡ ಅಜ್ಜಿಯೊಬ್ಬಳು ಓರೆಯಾಗಿ ನುಸುಳುವಷ್ಟು ಅಗಲ. ಕಟ್ಟೆ ಎತ್ತರವಾದ್ದರಿಂದ ಎರಡೂ ಬದಿಗೆ ಒಡೆದ ಚಪ್ಪಡಿಯ ತುಂಡೊಂದನ್ನು ಮೆಟ್ಟಿಲಾಗಿ ಇಡಲಾಗಿದೆ, ಅಲುಗಾಡದಂತೆ ಕೆಳಗೆ ತೆಂಗಿನ ಚಿಪ್ಪಿನ ಚೂರು ಸಿಕ್ಕಿಸಲಾಗಿದೆ. ಇದರ ವಿನ್ಯಾಸಕಾರರ ಹೆಸರು ಯಾರಿಗೂ ಗೊತ್ತಿಲ್ಲ, ಟೆಂಡರಾಗಲಿ ಸಲಹೆಗಾರರ ಶುಲ್ಕವಾಗಲಿ ಇಲ್ಲ, ಬೆಳಿಗ್ಗೆ ಎಂಟಕ್ಕೆ ಅಲ್ಲಿ ಸಾಲು ನಿಂತಿರುತ್ತದೆ. ಲಿಫ್ಟನ್ನು ಮೂರು ವರ್ಷಗಳಿಂದ ರಿಪೇರಿ ಮಾಡಲಾಗದ ವ್ಯವಸ್ಥೆ ಈ ಸರಳುಗಳನ್ನು ಬಗ್ಗಿಸಿದ ಮೂರು ದಿನದೊಳಗೆ ಬಂದು ವೆಲ್ಡಿಂಗ್ ಮಾಡಿ ಹೋಗುತ್ತದೆ. ಕಳೆದ ಸೋಮವಾರವೂ ಬಂದಿತ್ತು. ಕಿಡಿ ಹಾರಿಸಿ, ಸರಳು ನೆಟ್ಟಗೆ ಮಾಡಿ, ಚಪ್ಪಡಿಗಳನ್ನು ಲಾರಿಗೆ ಹಾಕಿಕೊಂಡು, ಪಾದಚಾರಿಗಳು ಮೇಲ್ಸೇತುವೆಯನ್ನೇ ಬಳಸತಕ್ಕದ್ದೆಂಬ ಫಲಕ ನೆಟ್ಟು ಹೋದರು.

ಗುರುವಾರ ಬೆಳಿಗ್ಗೆ ನೋಡಿದರೆ ಆ ಫಲಕ ಕಟ್ಟೆಯ ಪಕ್ಕದಲ್ಲಿ ಅಂಗಾತ ಮಲಗಿತ್ತು. ತಗಡು ದಪ್ಪನಾದದ್ದು, ಚಪ್ಪಡಿಗಿಂತ ಚೆನ್ನಾಗಿ ಕೂತಿದೆ, ಕಾಲಿಟ್ಟರೆ ಜಾರುವುದಿಲ್ಲ. ಹೂವಿನಮ್ಮ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಅದರ ಮೇಲೆ ಹೆಜ್ಜೆಯಿಟ್ಟು ಈಚೆಗೆ ದಾಟಿ ಬಂದು, ಲಿಫ್ಟಿನ ಬಾಗಿಲ ಮುಂದೆ ನೀರು ಚಿಮುಕಿಸಿ ಕುಳಿತಳು.